ಬುರುಜಿನ ಮೇಲಿಂದ ಕಾಣುವ ಊರನ್ನೂ ಕಾಯಬೇಕು

ವಿಜಯಪುರಕ್ಕೆ ಬರುವ ಶಾಲಾ ಪ್ರವಾಸದ ಬಸ್ಸುಗಳು ಗೋಳಗುಮ್ಮಟದ ಮುಂದೆ ನಿಲ್ಲುತ್ತವೆ, ಬಹುಪಾಲು ಅಲ್ಲಿಂದಲೇ ಮುಂದಿನ ಊರಿಗೆ ಹೊರಟುಬಿಡುತ್ತವೆ. ಡಿಸೆಂಬರ್ ತಿಂಗಳಲ್ಲಂತೂ ಸಾಲುಗಟ್ಟಿ ಬಸ್ಸು. ಮಕ್ಕಳು ಮೂಲೆಯ ಮಿನಾರಿನೊಳಗಿನ ಇಕ್ಕಟ್ಟು ಮೆಟ್ಟಿಲು ಹತ್ತಿ, ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿ, ಸಿಳ್ಳೆ ಹೊಡೆದು, ಪ್ರತಿಧ್ವನಿ ಕೇಳಿ ಇಳಿಯುತ್ತಾರೆ. ಆ ಗ್ಯಾಲರಿಗೆ ಹೋಗಬೇಕಾದರೆ ಗುಮ್ಮಟದ ಬುಡದ ಬಯಲು ಚಾವಣಿಯ ಮೇಲೆ ಕಾಲಿಡಲೇಬೇಕು. ಇಡೀ ಊರು ಕಾಣುವ ಜಾಗ ಅದು. ಆದರೂ ಅಂಚಿಗೆ ನಿಂತು ಊರಿನತ್ತ ಕಣ್ಣು ಹಾಯಿಸುವವರು ಕಡಿಮೆ. ಊರಿನ ಪಶ್ಚಿಮ ಭಾಗದಲ್ಲಿರುವ ಉಪಲಿ ಬುರುಜಿಗೆ ಬರುವವರು ಇನ್ನೂ ಕಡಿಮೆ.

ನಾನು ಇದೇ ಊರಿನ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನೌಕರಿಯ ಉದ್ದಕ್ಕೂ ವರ್ಷ ವರ್ಷ ಮಕ್ಕಳನ್ನು ಕರೆದುಕೊಂಡು ಉಪಲಿ ಬುರುಜು ಹತ್ತಿದ್ದೇನೆ. ಈಗಲೂ ಮೊಣಕಾಲು ಒಪ್ಪಿದ ದಿನ ಹತ್ತುತ್ತೇನೆ. ಆ ಅನುಭವದಿಂದ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಬುರುಜಿನ ಕಲ್ಲು, ಗಾರೆಯನ್ನು ಕಾಪಾಡಿದರೆ ಕೆಲಸ ಮುಗಿಯಲಿಲ್ಲ. ಅದರ ಮೇಲೆ ನಿಂತಾಗ ಕಾಣುವ ಊರು, ಗುಮ್ಮಟಗಳು, ಕೋಟೆಗೋಡೆಯ ಗೆರೆ, ಇವೆಲ್ಲ ಆ ಸ್ಮಾರಕದ ಭಾಗವೇ. ಅವುಗಳಿಗೆ ಅಡ್ಡಲಾಗಿ ಏನನ್ನಾದರೂ ಎಬ್ಬಿಸಿ ನಿಲ್ಲಿಸಿದರೆ ಸ್ಮಾರಕದ ಅರ್ಧವನ್ನು ಕೆಡವಿದಂತೆ.

ಏಕೆಂದರೆ ಆ ಬುರುಜು ಹುಟ್ಟಿದ್ದೇ ನೋಡುವುದಕ್ಕಾಗಿ. ಚಿತ್ರದುರ್ಗಕ್ಕೆ ಬೆಟ್ಟವಿದೆ, ಬಳ್ಳಾರಿಗೆ ಗುಡ್ಡವಿದೆ, ಬಾದಾಮಿಗೆ ಕೆಂಪು ಬಂಡೆಗಳಿವೆ. ಅಲ್ಲಿನ ಕಾವಲುಗಾರ ಬಂಡೆ ಹತ್ತಿ ನಿಂತರೆ ಹರದಾರಿ ದೂರದ ದೂಳು ಕಾಣುತ್ತಿತ್ತು. ವಿಜಯಪುರಕ್ಕೆ ಆ ಭಾಗ್ಯವಿಲ್ಲ. ಎತ್ತ ನೋಡಿದರೂ ಬೋಳು ಬಯಲು, ಎರೆಹೊಲ, ಅಲ್ಲಲ್ಲಿ ತೆಳ್ಳಗಿನ ಮಡ್ಡಿ. ಇಂಥ ನೆಲದ ಮೇಲೆ ಆದಿಲ್‌ ಷಾಹಿಗಳು ಸುಮಾರು 10 ಕಿಲೋಮೀಟರ್ ಸುತ್ತಳತೆಯ ಗೋಡೆ ಕಟ್ಟಿದರು, 96 ಬುರುಜುಗಳನ್ನು ನಿಲ್ಲಿಸಿದರು, ಹೊರಗೆ ಕಂದಕ ತೋಡಿದರು. ಇಷ್ಟಾದರೂ ಗೋಡೆಯ ಆಚೆ ದೂರದವರೆಗೆ ನೋಡಲು ಒಂದು ಎತ್ತರ ಬೇಕೇ ಬೇಕಿತ್ತು. 1584ರಲ್ಲಿ ಸೇನಾನಿ ಹೈದರ್ ಖಾನ್ ಕಟ್ಟಿಸಿದ ಉಪಲಿ ಬುರುಜು ಆ ಕೊರತೆಯನ್ನು ತುಂಬಿತು. ಗೋಡೆಗೆ ಅಂಟಿಕೊಳ್ಳದೆ, ಅದರ ಒಳಗಡೆ ಏರುನೆಲದ ಮೇಲೆ ಒಂಟಿಯಾಗಿ ನಿಂತಿರುವ ಈ ದುಂಡು ಗೋಪುರ ಸುಮಾರು 80 ಅಡಿ ಎತ್ತರವಿದೆ. ಕೋಟೆಗೋಡೆ ಕಟ್ಟುವ ಕಾಲಕ್ಕೆ ಸರದಾರರಿಗೆಲ್ಲ ಒಂದೊಂದು ಪಾಲು ಹಂಚಿದ್ದರಂತೆ. ಆಗ ದಂಡಿನೊಂದಿಗೆ ಊರ ಹೊರಗಿದ್ದ ಹೈದರ್ ಖಾನನಿಗೆ ಪಾಲು ಸಿಗಲಿಲ್ಲ. ಬಂದವನು ನೊಂದುಕೊಂಡಾಗ, ಎಲ್ಲಕ್ಕಿಂತ ಎತ್ತರದ್ದನ್ನು ನೀನು ಕಟ್ಟು ಎಂದು ಅಪ್ಪಣೆಯಾಯಿತು ಎಂಬ ಕಥೆ ನಮ್ಮೂರಲ್ಲಿದೆ. ಕಥೆ ನಿಜವೋ ಅಲ್ಲವೋ, ಮಕ್ಕಳಿಗೆ ಮಾತ್ರ ಬಹಳ ಹಿಡಿಸುತ್ತದೆ.

ಮೆಟ್ಟಿಲುಗಳು ಬುರುಜಿನ ಹೊರಮೈಗೆ ಸುತ್ತಿಕೊಂಡು ಏರುತ್ತವೆ. ಒಳಗೆ ಕತ್ತಲ ಸುರುಳಿಯಲ್ಲಿ ತಿರುಗುವ ಮಿನಾರುಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೇ ಇದು. ಇಲ್ಲಿ ಹತ್ತುವಾಗಲೇ ಊರು ಕಣ್ಣೆದುರು ತೆರೆದುಕೊಳ್ಳುತ್ತ ಹೋಗುತ್ತದೆ. ಮೊದಲು ಪಕ್ಕದ ಮನೆಗಳ ಅಂಗಳ, ಆಮೇಲೆ ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆ, ಮೆಣಸಿನಕಾಯಿ, ಅದರ ಮೇಲೆ ಬೇವಿನ ಮರದ ತುದಿ, ಅದನ್ನೂ ದಾಟಿದರೆ ದೂರದ ಗುಮ್ಮಟಗಳು. ದಾರಿಯ ಗೋಡೆಯಲ್ಲಿ ಕಟ್ಟಿಸಿದವನ ಹೆಸರು ಹೇಳುವ ಪರ್ಷಿಯನ್ ಶಾಸನವಿದೆ. ಕಲ್ಲಿನ ಮೆಟ್ಟಿಲು ನಡುವೆ ಸವೆದು ನುಣುಪಾಗಿವೆ. ಮಳೆಗಾಲದಲ್ಲಿ ಜಾರುತ್ತವೆ, ಅದಕ್ಕೇ ನಾನು ಶ್ರಾವಣ ಕಳೆಯುವವರೆಗೆ ಮಕ್ಕಳನ್ನು ಹತ್ತಿಸುತ್ತಿರಲಿಲ್ಲ.

ಮೇಲೆ ಎರಡು ಉದ್ದನೆಯ ತೋಪುಗಳಿವೆ. ದೊಡ್ಡದರ ಹೆಸರು ಲಂಬ ಛರ್ರಿ. 1916ರಲ್ಲಿ ಬಿಜಾಪುರದ, ಅಂದರೆ ಇಂದಿನ ವಿಜಯಪುರದ, ಕಟ್ಟಡಗಳ ಮೇಲೆ ದೊಡ್ಡ ಗ್ರಂಥ ಪ್ರಕಟಿಸಿದ ಹೆನ್ರಿ ಕಸೆನ್ಸ್ ಅದರ ಉದ್ದವನ್ನು 30 ಅಡಿ 8 ಅಂಗುಲ ಎಂದು ದಾಖಲಿಸಿದ್ದಾರೆ. ಇನ್ನೊಂದು ಸುಮಾರು 20 ಅಡಿಯದು. ಹತ್ತಿರ ಹೋಗಿ ಅಂಗೈ ಇಟ್ಟು ಸವರಿದರೆ ಅವನ್ನು ಹೇಗೆ ಮಾಡಿದ್ದಾರೆಂದು ಬೆರಳಿಗೇ ತಿಳಿಯುತ್ತದೆ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಒತ್ತೊತ್ತಾಗಿ ಜೋಡಿಸಿ, ಅವುಗಳ ಮೇಲೆ ಕಾಯಿಸಿದ ಬಳೆಗಳನ್ನು ಒಂದರ ಪಕ್ಕ ಒಂದು ಹೊಡೆದು ಬಿಗಿದಿದ್ದಾರೆ. ಬಳೆ ಆರಿದಂತೆ ಕುಗ್ಗಿ ಪಟ್ಟಿಗಳನ್ನು ಕಚ್ಚಿ ಹಿಡಿಯುತ್ತದೆ. ನಮ್ಮ ಕಂಬಾರರು ಎತ್ತಿನ ಬಂಡಿಯ ಗಾಲಿಗೆ ಹಳಿ ತೊಡಿಸುತ್ತಿದ್ದುದೂ ಇದೇ ಬಗೆಯಲ್ಲಿ. ಕಂಬಾರ ಮನೆತನದ ಹುಡುಗನೊಬ್ಬ ಬಳೆಗಳ ಮೇಲೆ ಬೆರಳಾಡಿಸುತ್ತ, ‘ಟೀಚರ್ರೀ, ಇದನ್ನ ನಮ್ಮ ಮಂದೀನ ಮಾಡಿರಬೇಕ್ರಿ’ ಅಂದಿದ್ದ. ಪಾಠ ಪುಸ್ತಕದಲ್ಲಿ ಸುಲ್ತಾನರ ಹೆಸರುಗಳಿವೆ. ಬಿಸಿಲಿಗೆ ಕಾದ ಕಬ್ಬಿಣದ ಮೇಲೆ ಕೈಯಿಟ್ಟ ಆ ಹುಡುಗ, ಹೆಸರು ಉಳಿಯದ ಕಮ್ಮಾರರನ್ನು ಕಂಡುಕೊಂಡ.

ಅಲ್ಲಿಂದ ಸ್ವಲ್ಪ ದೂರದಲ್ಲೇ ಶೆರ್ಜಾ ಬುರುಜು. ಅದರ ಮೇಲಿರುವ ಮಲಿಕ್ ಎ ಮೈದಾನ್ ತೋಪು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಅದರ ಬಾಯಿ ಆನೆಯನ್ನು ನುಂಗುವ ಸಿಂಹದ ಆಕಾರದಲ್ಲಿದೆ. ಬ್ರಿಟಿಷರ ಆಳ್ವಿಕೆಯಲ್ಲಿ, 1854ರಲ್ಲಿ, ಈ ತೋಪನ್ನು ಹರಾಜಿಗೆ ಇಟ್ಟಿದ್ದರು. ಬಂದ ಬೇಡಿಕೆ 150 ರೂಪಾಯಿ. ಬೆಲೆ ಕಡಿಮೆಯಾಯಿತೆಂದು ಮಾರಾಟ ನಿಂತಿತು, ತೋಪು ಉಳಿಯಿತು. ಅಂದು ಹಳೆಯ ಲೋಹವೆಂದು ಮಾರಲು ಹೊರಟಿದ್ದನ್ನು ನೋಡಲು ಇಂದು ಜನ ಕ್ಯಾಮೆರಾ ಹಿಡಿದು ಬರುತ್ತಾರೆ. ಬುರುಜಿನ ಮೇಲಿನ ನೋಟವನ್ನು ಇಂದು ನಾವು ನಡೆಸಿಕೊಳ್ಳುತ್ತಿರುವುದು ಅಂದು ಆ ತೋಪನ್ನು ನಡೆಸಿಕೊಂಡ ಹಾಗೆಯೇ. ನೋಟಕ್ಕೆ ಬೆಲೆ ಕಟ್ಟಿದವರಿಲ್ಲ, ಅದು ಯಾರ ಲೆಕ್ಕಕ್ಕೂ ಇಲ್ಲ.

ಆ ನೋಟದಲ್ಲಿ ಏನಿದೆ ಎಂದು ಕೇಳುವವರಿಗೆ ಹೇಳುತ್ತೇನೆ. ಪೂರ್ವಕ್ಕೆ ತಿರುಗಿದರೆ ಗೋಳಗುಮ್ಮಟ. ಅದರ ಗಾತ್ರ ಅರ್ಥವಾಗುವುದು ಇಲ್ಲಿಂದಲೇ. ಕಟ್ಟಡದ ಬುಡದಲ್ಲಿ ನಿಂತವನಿಗೆ ಎದುರಿನ ಗೋಡೆ, ಮುಂಚಾಚಿದ ದಪ್ಪ ಸೂರು ಅಡ್ಡ ಬಂದು ಗುಮ್ಮಟದ ಪೂರ್ತಿ ಆಕಾರ ಕಾಣುವುದಿಲ್ಲ. ಇಲ್ಲಿ ನಿಂತು ನೋಡಿ. ಸುತ್ತಲಿನ ಮನೆ, ಅಂಗಡಿ, ಮರ ಎಲ್ಲವೂ ಕಾಲಡಿಯ ಗರಿಕೆಯಂತೆ ತಗ್ಗಿ, 44 ಮೀಟರ್ ಅಗಲದ ಗುಮ್ಮಟ ಒಂದೇ ಆಕಾಶಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ಮಹಮ್ಮದ್ ಆದಿಲ್ ಷಾ 1656ರಲ್ಲಿ ತೀರಿಕೊಳ್ಳುವವರೆಗೆ ತನ್ನ ಗೋರಿಗಾಗಿ ಕಟ್ಟಿಸುತ್ತಲೇ ಇದ್ದ ಕಟ್ಟಡವದು. ಅದರಿಂದ ಕಣ್ಣನ್ನು ಬಲಕ್ಕೆ ಸರಿಸಿದರೆ ಜಾಮಿಯಾ ಮಸೀದಿಯ ಗುಮ್ಮಟ. ಒಂದನೇ ಅಲಿ ಆದಿಲ್ ಷಾ ಶುರುಮಾಡಿದ ಮಸೀದಿ. ನಡುವೆ, ಊರಿನ ಹೊಟ್ಟೆಯಲ್ಲಿ, ಬಾರಾ ಕಮಾನ್. ಎರಡನೇ ಅಲಿಯ ಗೋರಿಯಾಗಬೇಕಿದ್ದ ಆ ಕಟ್ಟಡ ಕಮಾನುಗಳ ಮಟ್ಟಕ್ಕೇ ನಿಂತುಹೋಯಿತು. ಪಶ್ಚಿಮಕ್ಕೆ ಕೋಟೆಯ ಆಚೆ ಇಬ್ರಾಹಿಂ ರೋಜಾದ ಮಿನಾರುಗಳು. ಅಜ್ಜ ಎರಡನೇ ಇಬ್ರಾಹಿಂ, ಮಗ ಮಹಮ್ಮದ್, ಮೊಮ್ಮಗ ಎರಡನೇ ಅಲಿ, ಮೂರು ತಲೆಮಾರಿನ ಗೋರಿಗಳನ್ನು ನಿಂತಲ್ಲೇ ತಿರುಗಿ ನೋಡಬಹುದು. ನವಿರಾದ ಕುಸುರಿ, ಅತಿ ದೊಡ್ಡ ಗಾತ್ರ, ಆಮೇಲೆ ಅರ್ಧಕ್ಕೇ ನಿಂತ ಕೆಲಸ. 1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನ ದಂಡಿಗೆ ಊರು ಶರಣಾಯಿತು ಎಂದು ಇದಾದ ಮೇಲೆ ಹೇಳಿದರೆ ಮಕ್ಕಳಿಗೆ ವಂಶಾವಳಿ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಗೋರಿಗಳಿಗಿಂತ ನನಗೆ ಮುಖ್ಯವಾದದ್ದು ನೀರು. ಬರಕ್ಕೆ ಹೆಸರಾದ ಈ ನೆಲದಲ್ಲಿ ಅಷ್ಟು ದೊಡ್ಡ ರಾಜಧಾನಿ ನೀರನ್ನು ಎಲ್ಲಿಂದ ತಂದಿತು? ಪಶ್ಚಿಮದ ತೊರವಿ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ, ದಕ್ಷಿಣಕ್ಕೆ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ. ಕೊಳವೆಗಳ ಸುತ್ತ ಗಚ್ಚು ಮೆತ್ತಿ ನೆಲದಲ್ಲಿ ಹೂಳಿದ್ದರು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎನ್ನುವ ಚೌಕಾಕಾರದ ನೀರಿನ ಗೋಪುರಗಳು. ನೀರು ಅವುಗಳೊಳಗೆ ಮೇಲೇರಿ ಮತ್ತೆ ಇಳಿದು ಮುಂದೆ ಸಾಗುತ್ತಿತ್ತು. ಒತ್ತಡ ತಗ್ಗಿ ಕೊಳವೆ ಒಡೆಯುತ್ತಿರಲಿಲ್ಲ, ಕೆಸರು ಅಡಿಯಲ್ಲಿ ಉಳಿಯುತ್ತಿತ್ತು. ಕೆಳಗೆ ಓಣಿಯಲ್ಲಿ ನಡೆಯುವವನಿಗೆ ಈ ಗೋಪುರಗಳಲ್ಲಿ ಒಂದು ಕಂಡರೆ ಇನ್ನೊಂದು ಕಾಣುವುದಿಲ್ಲ. ಹಳೆಯ ಪಾಳುಗೋಡೆ ಎಂದುಕೊಂಡು ಮುಂದೆ ಹೋಗುತ್ತಾನೆ. ಬುರುಜಿನ ಮೇಲಿಂದ ದಿಕ್ಕು ತೋರಿಸಿ, ಅಲ್ಲಿ ತೊರವಿ, ಇಲ್ಲಿ ತಾಜ್ ಬಾವಡಿ, ಅತ್ತ ಚಾಂದ್ ಬಾವಡಿ ಎಂದು ಬೆರಳು ಮಾಡಿದರೆ ನೀರು ಹರಿದ ದಾರಿ ಮನಸ್ಸಿನಲ್ಲಿ ಮೂಡುತ್ತದೆ. ಇಂದು ಕೃಷ್ಣಾ ನದಿಯ ನೀರು ಕುಡಿಯುತ್ತಿರುವ ಊರಿನ ಮಕ್ಕಳಿಗೆ ಇದು ಗೊತ್ತಿರಲೇಬೇಕು.

ನಮ್ಮೂರಿನ ಮಕ್ಕಳು ಮೇಲೆ ಹೋದ ಕೂಡಲೇ ಮಾಡುವ ಮೊದಲ ಕೆಲಸ ತಮ್ಮ ಮನೆ ಹುಡುಕುವುದು. ನಾನು ತಡೆಯುತ್ತಿರಲಿಲ್ಲ, ಅಲ್ಲಿಂದಲೇ ಪಾಠ ಶುರು. ಒಮ್ಮೆ ಎಂಟನೇ ಇಯತ್ತೆಯ ಹುಡುಗಿ ತನ್ನ ಮಾಳಿಗೆಯ ನೀಲಿ ನೀರಿನ ಟಾಕಿಯನ್ನು ಗುರುತಿಸಿ, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತ, ‘ಟೀಚರ್ರೀ, ನಮ್ಮ ಓಣಿ ಕೋಟಿ ಒಳಗೈತೋ ಹೊರಗೈತೋ?’ ಎಂದು ಕೇಳಿದಳು. ಗೋಡೆಯ ಗೆರೆ ಹಿಡಿದು ಹೇಳೋಣವೆಂದು ನೋಡಿದರೆ ಗೆರೆಯೇ ಅಲ್ಲಲ್ಲಿ ಕಡಿದುಹೋಗಿತ್ತು. ಒಂದು ಕಡೆ ಹೊಸ ಕಟ್ಟಡ, ಇನ್ನೊಂದು ಕಡೆ ಜಾಹೀರಾತಿನ ದೊಡ್ಡ ಫಲಕ. ಕೋಟೆಯ ಶಹಾಪುರ ದರ್ವಾಜಾ ಎಲ್ಲಿರಬೇಕೆಂದು ಅಂದಾಜಿನ ಮೇಲೆ ತೋರಿಸಿ, ಅದರ ಆಧಾರದ ಮೇಲೆ ಉತ್ತರ ಹೇಳಿದೆ. ನಾನು ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಬಂದು ಇದೇ ಜಾಗದಲ್ಲಿ ನಿಂತಾಗ ಆ ಗೆರೆ ಬಹುಮಟ್ಟಿಗೆ ಉಳಿದಿತ್ತು. ವರ್ಷ ಹೋದಂತೆ ಮೊಬೈಲ್ ಟವರು, ಕಾಂಪ್ಲೆಕ್ಸು, ಫಲಕ ಒಂದೊಂದಾಗಿ ಎದ್ದವು. ಯಾವುದೂ ಕಾನೂನು ಮೀರಿ ಎದ್ದದ್ದೆಂದು ನಾನು ಹೇಳುತ್ತಿಲ್ಲ. ಕಾನೂನು ನೋಟವನ್ನು ಲೆಕ್ಕಕ್ಕೇ ಹಿಡಿದಿಲ್ಲ ಎಂಬುದೇ ನನ್ನ ತಕರಾರು.

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾಯಿತು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಉದ್ದೇಶ ಒಳ್ಳೆಯದೇ. ಆದರೆ ಇದು ನೆಲದ ಮೇಲೆ ಎಳೆದ ಗೆರೆ. ಉಪಲಿ ಬುರುಜಿನಿಂದ ಗೋಳಗುಮ್ಮಟಕ್ಕೆ ಊರಿನ ನೆತ್ತಿಯ ಮೇಲೆ ಹಾದುಹೋಗುವ ನೋಟದ ದಾರಿ ಈ 300 ಮೀಟರಿನ ಹೊರಗೇ ಹೆಚ್ಚು ಇದೆ. ಅಲ್ಲಿ ಯಾರಾದರೂ ಎತ್ತರದ ಕಟ್ಟಡ ಎಬ್ಬಿಸಿದರೆ ಎರಡೂ ಸ್ಮಾರಕಗಳ ಕಲ್ಲಿಗೆ ಪೆಟ್ಟಾಗುವುದಿಲ್ಲ, ಆದರೆ ಅವುಗಳ ನಡುವಿನ ಸಂಬಂಧ ಕಡಿದುಹೋಗುತ್ತದೆ.

ಸ್ಮಾರಕದ ಹತ್ತಿರ ಮನೆ ಇರುವವರು ಈ ಮಾತು ಕೇಳಿದರೆ ಸಿಟ್ಟಾಗುತ್ತಾರೆ. ಅವರ ಸಿಟ್ಟು ನ್ಯಾಯವಾದದ್ದು. 100 ಮೀಟರಿನೊಳಗೆ ಇರುವ ಬಡವರು ಸೋರುವ ಮಾಳಿಗೆ ದುರಸ್ತಿ ಮಾಡಿಸಲಿಕ್ಕೂ ಅನುಮತಿಗೆ ಓಡಾಡಬೇಕು. ಮಗನ ಮದುವೆಯಾಯಿತು, ಒಂದು ಕೋಣೆ ಹೆಚ್ಚು ಬೇಕು ಎಂದರೆ ಆಗುವುದಿಲ್ಲ. ನನ್ನ ವಿದ್ಯಾರ್ಥಿಗಳ ಎಷ್ಟೋ ಮನೆಗಳು ಅಂಥವು. ಒಂದಂತಸ್ತಿನ ಆ ಮನೆಗಳಿಂದ ನೋಟಕ್ಕೆ ಏನೂ ತೊಂದರೆಯಿಲ್ಲ. ನೋಟವನ್ನು ಕೆಡಿಸುವುದು ದೂರದಲ್ಲಿ ಎದ್ದ ಎತ್ತರ. ಆದ್ದರಿಂದ ನೋಟವನ್ನು ಲೆಕ್ಕಕ್ಕೆ ಹಿಡಿದು ನಿಯಮ ಮಾಡಿದರೆ ಭಾರ ಹೊರಬೇಕಾದವರು ಬೇರೆಯವರು. ತಗ್ಗಿನ ಮನೆಗೆ ದುರಸ್ತಿಯ ಅನುಮತಿ ಸಲೀಸಾಗಲಿ, ಎತ್ತರದ ಕಟ್ಟಡಕ್ಕೆ, ಟವರಿಗೆ, ಫಲಕಕ್ಕೆ ಪ್ರಶ್ನೆ ಕೇಳಲಿ. ಪ್ರತಿ ಸ್ಮಾರಕಕ್ಕೂ ಪ್ರತ್ಯೇಕ ಉಪನಿಯಮಗಳನ್ನು ರೂಪಿಸಲು 2010ರ ತಿದ್ದುಪಡಿಯಲ್ಲೇ ಅವಕಾಶವಿದೆ. 300 ಮೀಟರಿನ ಆಚೆಗಿನದ್ದನ್ನು ನಗರದ ಮಹಾಯೋಜನೆಯಲ್ಲಿ ಸೇರಿಸಬಹುದು. ಬುರುಜಿನಿಂದ ಗೋಳಗುಮ್ಮಟ, ಜಾಮಿಯಾ ಮಸೀದಿ, ಬಾರಾ ಕಮಾನ್, ಇಬ್ರಾಹಿಂ ರೋಜಾ ಕಡೆಗೆ ನಾಲ್ಕು ಗೆರೆ ಎಳೆದು, ಆ ಗೆರೆಗಳ ಕೆಳಗೆ ಕಟ್ಟಡ ಎಷ್ಟು ಎತ್ತರವಿರಬಹುದೆಂದು ನಿಗದಿ ಮಾಡಿದರೆ ಸಾಕು. ಊರಿನ ಉಳಿದ ಭಾಗ ಬೇಕಾದಷ್ಟು ಬೆಳೆಯಲಿ.

ಇದು ಎಲ್ಲೂ ಇಲ್ಲದ ಬೇಡಿಕೆಯಲ್ಲ. ಲಂಡನ್ನಿನಲ್ಲಿ ಸೇಂಟ್ ಪಾಲ್ಸ್ ಕೆಥೆಡ್ರಲಿನ ಗುಮ್ಮಟಕ್ಕೆ ಅಡ್ಡ ಬಾರದಂತೆ ಸುತ್ತಲಿನ ಕಟ್ಟಡಗಳ ಎತ್ತರಕ್ಕೆ 1930ರ ದಶಕದಿಂದಲೂ ಮಿತಿಯಿದೆ. ಪ್ಯಾರಿಸ್ಸಿನಲ್ಲಿ 1973ರಲ್ಲಿ 210 ಮೀಟರ್ ಎತ್ತರದ ಮೊಂಪಾರ್ನಾಸ್ ಗೋಪುರ ಎದ್ದಾಗ ಜನ ರೇಗಿದರು, ಕೆಲವೇ ವರ್ಷಗಳಲ್ಲಿ ಊರಿನ ಹೃದಯಭಾಗದ ಕಟ್ಟಡಗಳಿಗೆ ಎತ್ತರದ ಮಿತಿ ಬಂತು. ಅವರದು ಶ್ರೀಮಂತ ಊರುಗಳು, ಜಾಗದ ಬೆಲೆ ಆಕಾಶ ಮುಟ್ಟುವ ಊರುಗಳು. ಅಲ್ಲೇ ಸಾಧ್ಯವಾದದ್ದು, ಸುತ್ತಲೂ ಬಯಲು ಹರಡಿರುವ ವಿಜಯಪುರದಲ್ಲಿ ಆಗದೇನು? ದಖ್ಖನ್ ಸುಲ್ತಾನರ ಸ್ಮಾರಕಗಳು 2014ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿವೆ, ಅದರಲ್ಲಿ ನಮ್ಮೂರೂ ಇದೆ. ಮುಂದೆ ಪರಿಶೀಲನೆಗೆ ಬರುವವರು ಒಂದು ಗುಮ್ಮಟವನ್ನಷ್ಟೇ ನೋಡಿ ಹೋಗುವುದಿಲ್ಲ, ಊರಿನ ಒಟ್ಟು ರೂಪವನ್ನು ನೋಡುತ್ತಾರೆ.

ಗೋಪುರಕ್ಕೆ ಮಕ್ಕಳನ್ನು ಹತ್ತಿಸುವುದೇ ಬೇಡ ಎನ್ನುವ ಹೆಡ್‌ಮಾಸ್ತರರೂ ಇದ್ದಾರೆ. ಅವರ ಭಯಕ್ಕೂ ಕಾರಣವಿದೆ. 1981ರ ಡಿಸೆಂಬರ್ 4ರಂದು ದೆಹಲಿಯ ಕುತುಬ್ ಮಿನಾರಿನೊಳಗೆ ದೀಪ ಆರಿ, ಕತ್ತಲ ಮೆಟ್ಟಿಲಿನಲ್ಲಿ ನೂಕುನುಗ್ಗಲಾಗಿ 45 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಶಾಲಾ ಮಕ್ಕಳು. ಅಂದಿನಿಂದ ಆ ಮಿನಾರಿನ ಬಾಗಿಲು ಸಾರ್ವಜನಿಕರಿಗೆ ಮುಚ್ಚಿದೆ. ಆ ದುರಂತದಿಂದ ಕಲಿಯಬೇಕಾದ್ದು ಜನಸಂದಣಿಯನ್ನು ನಿಭಾಯಿಸುವ ಬಗೆಯನ್ನು. ಉಪಲಿ ಬುರುಜಿನ ಮೆಟ್ಟಿಲು ಬಯಲಿನಲ್ಲಿದೆ, ಹಗಲು ಬೆಳಕಿನಲ್ಲಿದೆ, ಮೇಲೆ ಅಂಚಿಗೆ ಬೇಲಿಯಿದೆ. ಒಂದು ತಂಡ ಇಳಿದ ಮೇಲೆ ಇನ್ನೊಂದು ತಂಡ, ಕೆಳಗೊಬ್ಬ ಮೇಲೊಬ್ಬ ಶಿಕ್ಷಕರು, ತೋಪಿನ ಮೇಲೆ ಯಾರೂ ಹತ್ತಕೂಡದು. ಇಷ್ಟು ಪಾಲಿಸಿದರೆ ಭಯಪಡಬೇಕಾಗಿಲ್ಲ.

ಜಿಲ್ಲಾಡಳಿತವನ್ನೂ ಪುರಾತತ್ವ ಇಲಾಖೆಯನ್ನೂ ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ಬಣ್ಣದ ದೀಪ ಬೇಡ, ರೋಪ್‌ವೇ ಬೇಡ, ಗಾಜಿನ ಸೇತುವೆ ಖಂಡಿತ ಬೇಡ. ಮೇಲೆ, ಬೇಲಿಯ ಒಳಗೆ, ಮಕ್ಕಳ ಎದೆಯ ಎತ್ತರಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ಕಲ್ಲಿನ ಫಲಕ ಇಡಿಸಿ. ಎದುರಿಗೆ ಕಾಣುವುದನ್ನು ಗೆರೆಯಲ್ಲಿ ಕೆತ್ತಿ, ಪ್ರತಿಯೊಂದರ ಕೆಳಗೆ ಹೆಸರು, ಕಾಲ, ಇಲ್ಲಿಂದ ಇರುವ ದೂರ ಬರೆಸಿ, ಕನ್ನಡ ಮೊದಲಿರಲಿ. ನೀರಿನ ಗಂಜ್‌ಗಳನ್ನು ಮರೆಯಬೇಡಿ. ಟಾಂಗಾ, ಆಟೋ ಓಡಿಸುವವರಲ್ಲಿ ಊರಿನ ಕಥೆ ಚೆನ್ನಾಗಿ ಬಲ್ಲವರಿದ್ದಾರೆ, ಅವರಿಗೆ ತರಬೇತಿ ಕೊಟ್ಟು ಗುರುತಿನ ಚೀಟಿ ಕೊಡಿ. ಮತ್ತು ಮುಂದಿನ ಫಲಕಕ್ಕೋ ಟವರಿಗೋ ಅನುಮತಿ ಕೊಡುವ ಮೊದಲು ಸಹಿ ಹಾಕುವ ಅಧಿಕಾರಿ ಒಮ್ಮೆ ಬುರುಜು ಹತ್ತಿ, ಅದು ಯಾವುದಕ್ಕೆ ಅಡ್ಡ ಬರುತ್ತದೆಂದು ಕಣ್ಣಾರೆ ನೋಡಲಿ.

ಈ ಚಳಿಗಾಲಕ್ಕೆ ಪ್ರವಾಸ ಹೊಂದಿಸುತ್ತಿರುವ ಮೇಷ್ಟ್ರುಗಳಿಗೆ, ಟೀಚರುಗಳಿಗೆ ನನ್ನದೊಂದು ವಿನಂತಿ. ಬಸ್ಸನ್ನು ಮೊದಲು ಉಪಲಿ ಬುರುಜಿಗೆ ತನ್ನಿ. ಬೆಳಿಗ್ಗೆ ಎಂಟರ ಹೊತ್ತಿಗೆ ಬಿಸಿಲು ಎಳೆಯದಾಗಿರುತ್ತದೆ, ಕಲ್ಲು ಕಾದಿರುವುದಿಲ್ಲ. ಪ್ರತಿ ಮಗುವಿನ ಕೈಗೆ ಒಂದು ಹಾಳೆ, ಪೆನ್ಸಿಲ್ ಕೊಟ್ಟು, ನಡುವೆ ಬುರುಜು ಗುರುತಿಸಿ ಮೇಲ್ಗಡೆ ಉತ್ತರ ಬರೆಯಲು ಹೇಳಿ. ಕಾಣುವ ಗುಮ್ಮಟ, ಮಿನಾರು, ಗೋಡೆಯನ್ನೆಲ್ಲ ಅವರೇ ದಿಕ್ಕು ನೋಡಿ ಹಾಳೆಯ ಮೇಲೆ ಇಡಲಿ, ಅರ್ಧ ತಾಸು ಸಾಕು. ಆಮೇಲೆ ಆ ಹಾಳೆ ಹಿಡಿದುಕೊಂಡೇ ಊರು ಸುತ್ತಿ, ಗೋಳಗುಮ್ಮಟವನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿ ಗ್ಯಾಲರಿಗೆ ನುಗ್ಗುವ ಮೊದಲು ಚಾವಣಿಯ ಪಶ್ಚಿಮದ ಅಂಚಿಗೆ ಮಕ್ಕಳನ್ನು ನಿಲ್ಲಿಸಿ, ಬೆಳಿಗ್ಗೆ ನಾವು ನಿಂತಿದ್ದ ಬುರುಜು ಎಲ್ಲಿದೆ, ತೋರಿಸಿ ಎಂದು ಕೇಳಿ.